ಹನ್ನೊಂದನೆಯ ನೋಟ

ಕಾರು ಶೃಂಗೇರಿ ಬಿಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಶಂಕರಮ್ಮನವರು ಕೈಯಲ್ಲಿದ್ದ ಮಡಿಕೆ ಕಾಗದವನ್ನು ಬಿಡಿಸಿ, ತರಗತಿಯ ಕಡೆಯ ಬೆಂಚಿನವರಿಗೂ ಕೇಳಿಸುವಂಥ ದನಿಯಲ್ಲಿ ಓದತೊಡಗಿದರು. “ಈ ದಾರಿಯ ತಿರುವುಗಳಲ್ಲಿ ಸಾಗುವ ಪ್ರಯಾಣಿಕನಿಗೆ ತೊಟ್ಟಿಲಲ್ಲಿ ತೂಗಿಸಿಕೊಂಡ ಸುಖ ದೊರೆಯುತ್ತದೆ.” ಅವರು ಸರಿಯಾಗಿ ‘ಸುಖ’ದ ಹತ್ತಿರ ಬಂದಾಗ, ಮುಂದಿನ ಸೀಟಿನಲ್ಲಿದ್ದ ರಘುಪತಿ ಕಿಟಕಿಯಿಂದ ಎದೆಮಟ್ಟ ಹೊರಗೆ ಬಗ್ಗಿ, ಬೆಳಿಗ್ಗೆ ತಿಂದ ಮೂರು ಇಡ್ಲಿಗಳನ್ನು ಘಟ್ಟಕ್ಕೆ ಒಪ್ಪಿಸಿದ.

ಆ ವಾಕ್ಯ ಬರೆದವನು ಅವನೇ.

ಅದು ಹಿಂದಿನವರಿಗೂ ಗೊತ್ತಿತ್ತು. ಅವರು ಇಳಿದುಕೊಂಡಿದ್ದ ಲಾಡ್ಜಿನ ಬಾಗಿಲಲ್ಲಿ ಅದರ ಯಜಮಾನ ಶಿವಶಂಕರಪ್ಪನವರು, “ಪುಸ್ತಿಕೆ ಬರೆದವರೇ ನಿಮ್ಮ ಜೊತೆ ಬರ್ತಿದಾರೆ, ನಿಮ್ಮ ಪುಣ್ಯ” ಎಂದು ಪರಿಚಯ ಮಾಡಿಕೊಟ್ಟೇ ಹತ್ತಿಸಿದ್ದರು. ಡ್ರೈವರ್ ಬೂತಪ್ಪ ರಸ್ತೆಯಿಂದ ಕಣ್ಣು ತೆಗೆಯದೆ, ಸೀಟಿನಡಿಯಿಂದ ನೀರಿನ ಬಾಟಲಿ ಎಳೆದು ಎಡಗೈಯಲ್ಲಿ ಚಾಚಿದ. ಇಪ್ಪತ್ತು ವರ್ಷ ಪ್ರವಾಸಿಗಳಿಗೆ ಚಾಚಿ ಚಾಚಿ ಪಳಗಿದ ಕೈ. ಅಷ್ಟರವರೆಗೆ ನಿದ್ದೆ ಮಾಡುತ್ತಿದ್ದಂತೆ ಕಂಡ ಶಂಕರಮ್ಮನವರ ಯಜಮಾನರು ಸೋಮನಾಥ್ ಒಂದು ಕಣ್ಣು ಬಿಟ್ಟು, “ತೊಟ್ಟಿಲು ಸ್ವಲ್ಪ ಜೋರಾತು ಕಾಣ್ತದ” ಎಂದು ಹೇಳಿ ಮತ್ತೆ ಮುಚ್ಚಿಕೊಂಡರು.

ರಘುಪತಿ ಬಾಯಿ ಮುಕ್ಕಳಿಸಿದ. ಇನ್ನೂ ಒಂದನೆಯ ನೋಟವೇ ಬಂದಿರಲಿಲ್ಲ. ಅವನಿಗೆ ಭಯವಿದ್ದದ್ದು ಹನ್ನೊಂದನೆಯದರದ್ದು.

ರಘುಪತಿಗೆ ನಲವತ್ತೇಳು ವರ್ಷ. ಕೊಪ್ಪದಿಂದ ಬಾಳಗಡಿಗೆ ಹೋಗುವ ರಸ್ತೆಯಲ್ಲಿ ಅವನದೊಂದು ಚಿಕ್ಕ ಪ್ರೆಸ್ಸು. ಮದುವೆ ಕರೆಯೋಲೆ, ಬಿಲ್ ಬುಕ್ಕು, ವೈಕುಂಠ ಸಮಾರಾಧನೆಯ ಕಾಗದ, ಇವಿಷ್ಟೇ ಅವನ ಪ್ರಕಟಣೆಗಳು. ಕರೆಯೋಲೆಯ ಮೇಲ್ಗಡೆ ಎರಡು ಸಾಲು ಸ್ವಂತದ್ದು ಸೇರಿಸುವ ಅಭ್ಯಾಸವಿದ್ದದ್ದರಿಂದ ತಾನು ಬರೆಯುವವನು ಎಂಬ ಅನುಮಾನ ಅವನಿಗೆ ಬಹಳ ದಿನದಿಂದ ಇತ್ತು. ಬೇರೆ ಯಾರಿಗೂ ಬಂದಿರಲಿಲ್ಲ.

ಹುಟ್ಟಿದಾಗಿನಿಂದ ಆ ಬೆಟ್ಟಗಳ ಬುಡದಲ್ಲೇ ಇದ್ದರೂ ಒಂದು ದಿನ ಹೋಗಿ ನೋಡಿದವನಲ್ಲ. ಅದರಲ್ಲಿ ಅವನೊಬ್ಬನದೇ ತಪ್ಪಿಲ್ಲ. ಆ ಕಡೆಯವರು ಯಾರೂ ಬೆಟ್ಟ ನೋಡುವುದಕ್ಕೆಂದು ಹೋಗುವುದಿಲ್ಲ. ಮದುವೆಗೆ ಹೋಗುತ್ತಾರೆ, ಸಾವಿಗೆ ಹೋಗುತ್ತಾರೆ, ದಾರಿಯಲ್ಲಿ ಬೆಟ್ಟ ಬಂದರೆ ಬಸ್ಸಿನಲ್ಲಿ ನಿದ್ದೆ ಮಾಡುತ್ತಾರೆ. ನೋಡುವುದು ದಾವಣಗೆರೆ, ತುಮಕೂರು ಕಡೆಯವರ ಕೆಲಸ. ಬೆಟ್ಟ ಎಲ್ಲಿ ಓಡಿಹೋಗುತ್ತದೆ, ಬರುವ ವರ್ಷ ನೋಡಿದರಾಯಿತು ಎಂದು ರಘುಪತಿ ನಲವತ್ತೇಳು ಸಲ ಅಂದುಕೊಂಡಿದ್ದ. ಜೊತೆಗೆ, ಅವನಿಗೆ ತೀರ್ಥಹಳ್ಳಿ ಬಸ್ಸು ಹತ್ತಿದರೂ ಹೊಟ್ಟೆ ತೊಳಸುತ್ತಿತ್ತು. ಇದನ್ನು ಪುಸ್ತಿಕೆಯಲ್ಲಿ ಬರೆದಿರಲಿಲ್ಲ.

ಪುಸ್ತಿಕೆಗೆ ಮೂಲ ಬೂತಪ್ಪ. ಸೀತೂರಿನ ಕಡೆಯ ಒಕ್ಕಲು ಮನೆಯವನು. ಮೂವರು ಅಣ್ಣಂದಿರಿಗೇ ಸಾಲದಷ್ಟು ಗದ್ದೆ ಇದ್ದದ್ದರಿಂದ ಹದಿನೇಳಕ್ಕೇ ಅಡಿಕೆ ಲಾರಿಯ ಕ್ಲೀನರ್ ಆದ. ಲಾರಿಯಿಂದ ಕಾಫಿ ತೋಟದ ಜೀಪು, ಜೀಪಿನಿಂದ ಸ್ವಂತದ ಹಳೇ ಅಂಬಾಸಿಡರ್. ಆ ಕಾರನ್ನು ಅವನು ಬೆಳಿಗ್ಗೆ ಒರೆಸುವುದನ್ನು ನೋಡಿ ಹೆಂಡತಿ ವೆಂಕಮ್ಮ, ನಮ್ಮ ಮನೆ ಎಮ್ಮೆ ಕೂಡ ಇಷ್ಟು ಮೈ ತೊಳೆಸಿಕೊಂಡಿಲ್ಲ ಎನ್ನುತ್ತಿದ್ದಳಂತೆ. ಬೂತಪ್ಪ ಅದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಅವನು ಯಾವುದಕ್ಕೂ ಉತ್ತರ ಕೊಡುವುದು ಕಡಿಮೆ. ಬಾಡಿಗೆ ಇಲ್ಲದ ದಿನ ಪ್ರೆಸ್ಸಿಗೆ ಬಂದು, ಕಾಗದದ ಬಂಡಲಿನ ಮೇಲೆ ಕೂತು, ಒಂದು ಗಂಟೆಯಲ್ಲಿ ಎರಡು ಲೋಟ ಚಹಾ ಕುಡಿದು, “ಬರ್ತೀನಿ ಮಾರಾಯ್ರೆ” ಎಂದು ಏಳುತ್ತಿದ್ದ. ಅವತ್ತಿನ ಮಾತು ಅಲ್ಲಿಗೆ ಮುಗಿಯಿತು.

ಆದರೆ ಅದೇ ಬೂತಪ್ಪ ಘಟ್ಟದ ಮೇಲಿನ ರಾಷ್ಟ್ರೀಯ ಉದ್ಯಾನದ ಗೇಟು ದಾಟಿದನೋ, ಬೇರೆಯೇ ಮನುಷ್ಯ. ಒಂದೊಂದು ತಿರುವಿಗೆ ಒಂದೊಂದು ವಾಕ್ಯ. ಎಡಕ್ಕೆ ಮಲಗಿದ ಆನೆ, ಸೊಂಡಿಲು ಕಣಿವೆಗೆ ಇಳಿದಿದೆ. ಬಲಕ್ಕೆ ಹಸಿರು ಕಂಬಳಿ ಕೊಡವಿ ಹಾಸಿದ ಗುಡ್ಡ. ಮುಂದೆ ಕುದುರೆಯ ಮೂತಿ, ಕಿವಿ ನಿಮಿರಿದೆ. ಹೀಗೆ ಹದಿಮೂರು. ಬಸ್ ಕಂಡಕ್ಟರ್ ನಿಲ್ದಾಣ ಕೂಗುವ ದನಿಯಲ್ಲಿ, ಒಂದಕ್ಷರ ಆಚೀಚೆ ಆಗದಂತೆ, ವರ್ಷಗಳಿಂದ ಹೇಳುತ್ತಿದ್ದ. ವರ್ಷದಲ್ಲಿ ಆರು ತಿಂಗಳು ಅಲ್ಲಿ ಮಂಜು ಮುಚ್ಚಿ ಏನೂ ಕಾಣುತ್ತಿರಲಿಲ್ಲ. ಆದರೆ ಬೂತಪ್ಪ ಹೇಳಿದ ಮೇಲೆ ಕಾಣದಿದ್ದರೂ ಕಂಡಂತೆಯೇ. ಜನ ಬಿಳೀ ಗೋಡೆಯಂಥ ಮಂಜಿಗೆ ಮುಖ ಮಾಡಿ, ಆಹಾ ಎಂದು, ಫೋಟೋ ಹೊಡೆದುಕೊಂಡು ಹೋಗುತ್ತಿದ್ದರು.

ಎರಡು ಸಾವಿರದ ಐದರ ಬೇಸಿಗೆಯಲ್ಲಿ ಶಿವಶಂಕರಪ್ಪನವರು ಲಾಡ್ಜಿಗೆ ಬರುವವರಿಗೆ ಹಂಚಲು ಒಂದು ಮಡಿಕೆ ಪುಸ್ತಿಕೆ ಬೇಕೆಂದಾಗ ರಘುಪತಿ ಬೂತಪ್ಪನನ್ನು ಬಂಡಲಿನ ಮೇಲೆ ಕೂರಿಸಿ ಹದಿಮೂರನ್ನೂ ಬರೆದುಕೊಂಡ. ಬೂತಪ್ಪ ಪ್ರತಿಯೊಂದರ ಕೊನೆಗೂ ‘ಅಂತಾರೆ’ ಎಂದು ಸೇರಿಸುತ್ತಿದ್ದ. ಜಾಗ ಉಳಿಯಲಿ ಎಂದು ರಘುಪತಿ ಅದನ್ನು ಹದಿಮೂರು ಸಲವೂ ಹೊಡೆದುಹಾಕಿದ.

ಜಾಗ ಉಳಿದದ್ದೇ ಕಷ್ಟಕ್ಕೆ ಬಂತು. ಕಾಗದದಲ್ಲಿ ಎರಡು ಸಾಲು, ಒಂದೊಂದರಲ್ಲಿ ಏಳು ಚೌಕ. ಹದಿಮೂರು ತುಂಬಿ ಒಂದು ಬರಿದಾಗಿ ಉಳಿಯಿತು. ಕರೆಯೋಲೆಯಲ್ಲಿ ಹೀಗೆ ಜಾಗ ಉಳಿದರೆ ಪ್ರೆಸ್ಸಿನವರು ಅಲ್ಲೊಂದು ನವಿಲಿನ ಅಚ್ಚು ಕೂರಿಸುತ್ತಾರೆ. ನವಿಲು ಹೊಂದಲಿಲ್ಲ. ಆದ್ದರಿಂದ ರಘುಪತಿ ಒಂದು ಬೆಟ್ಟ ಕೂರಿಸಿದ. ಕೊನೆಗಿಟ್ಟರೆ ಕಣ್ಣಿಗೆ ಹೊಡೆಯುತ್ತದೆಂದು ಹನ್ನೊಂದನೆಯ ಚೌಕದಲ್ಲಿ ಅಡಗಿಸಿದ. “ಗಂಡ ಹೆಂಡಿರ ಬೆಟ್ಟ. ಮಾತು ಬಿಟ್ಟ ದಂಪತಿಗಳಂತೆ ಬೆನ್ನಿಗೆ ಬೆನ್ನು ಕೊಟ್ಟು ಕುಳಿತ ಜೋಡಿ ಶಿಖರಗಳು. ಇಳಿಹೊತ್ತಿನ ಸೂರ್ಯ ಇಬ್ಬರ ನಡುವೆ ರಾಜಿಗೆ ಬಂದು ಸೋತು ಕೆಂಪಾಗಿ ಮುಳುಗುತ್ತಾನೆ.” ಇರುವ ಬೆಟ್ಟದ ಕಾಟವಿಲ್ಲದ್ದರಿಂದ ಕೈ ಸರಾಗವಾಗಿ ಓಡಿತ್ತು. ಹೆಂಡತಿ ಸರ್ವಮಂಗಳಾ ಅದನ್ನು ಓದಿ, “ಇದಕ್ಕೆ ಘಟ್ಟಕ್ಕೆ ಯಾಕೆ ಹೋಗ್ಬೇಕು, ನಮ್ಮ ಜಗಲಿಗೆ ಬಂದ್ರೆ ಸಾಕು” ಎಂದಳು. ಆ ವಾರ ಗ್ರೈಂಡರ್ ರಿಪೇರಿಯ ವಿಷಯಕ್ಕೆ ಇಬ್ಬರಿಗೂ ಮಾತಿರಲಿಲ್ಲ. ಅವಳು ಹೊಗಳಿದಳೋ ತೆಗಳಿದಳೋ ತಿಳಿಯದೆ ರಘುಪತಿ ಅಚ್ಚಿಗೆ ಹಾಕಿಬಿಟ್ಟ. ಕೆಳಗೆ ಹೆಸರನ್ನೂ ಹಾಕಿಕೊಂಡ.

ಪುಸ್ತಿಕೆ ಗೆದ್ದಿತು. ಗೆಲ್ಲಬಾರದಿತ್ತು. ಓದಿದವರೆಲ್ಲ ಕೇಳಿದ್ದು ಹನ್ನೊಂದನೆಯದನ್ನು. ಆನೆ ಬೇಡ, ಕಂಬಳಿ ಬೇಡ, ಗಂಡ ಹೆಂಡಿರು ಎಲ್ಲಿ ಎಂದು ಬೂತಪ್ಪನ ಭುಜ ತಟ್ಟತೊಡಗಿದರು. ಮಳೆಗಾಲದಲ್ಲಿ ಮಂಜು ಕಾಪಾಡಿತು. ಮಳೆ ಬಿಟ್ಟ ಮೇಲೆ ಕಾಪಾಡುವವರಿರಲಿಲ್ಲ. ಹೀಗೇ ಒಂದು ವರ್ಷ ಕಳೆಯಿತು. ಲಾಡ್ಜಿನ ಅಭಿಪ್ರಾಯ ಪುಸ್ತಕದಲ್ಲಿ ಒಬ್ಬರು, ಡ್ರೈವರ್ ಅವಸರ ಮಾಡಿ ಹನ್ನೊಂದನೆಯದನ್ನು ತೋರಿಸಲಿಲ್ಲ ಎಂದು ಬರೆದರು. ಇನ್ನೊಬ್ಬರು ಮೋಸ ಎಂದೇ ಬರೆದು ಕೆಳಗೆ ಎರಡು ಗೆರೆ ಎಳೆದರು. ಶಿವಶಂಕರಪ್ಪನವರು ಬೂತಪ್ಪನನ್ನು ಕರೆದು, ಇನ್ನೊಂದು ದೂರು ಬಂದರೆ ಲಾಡ್ಜಿನ ಬಾಡಿಗೆಗಳನ್ನೆಲ್ಲ ಹೊಸ ಸುಮೋದವರಿಗೆ ಕೊಡುವುದಾಗಿ ಹೇಳಿದರು. ಬೂತಪ್ಪನಿಗೆ ಐವತ್ತಾರಾಗಿತ್ತು. ಟೇಪ್ ರೆಕಾರ್ಡರ್ ಇಲ್ಲದ, ಎ.ಸಿ. ಇಲ್ಲದ ಅವನ ಅಂಬಾಸಿಡರನ್ನು ಲಾಡ್ಜಿನವರು ಬಿಟ್ಟರೆ ಬೇರಾರೂ ಕರೆಯುತ್ತಿರಲಿಲ್ಲ.

ಅವತ್ತು ಅವನು ಪ್ರೆಸ್ಸಿಗೆ ಬಂದು ಬಂಡಲಿನ ಮೇಲೆ ಕೂತು, ಪುಸ್ತಿಕೆ ಬಿಡಿಸಿ, ಹನ್ನೊಂದನೆಯ ಚೌಕದ ಮೇಲೆ ಹೆಬ್ಬೆಟ್ಟು ಇಟ್ಟ.

“ಇದು ಎಲ್ಲಿ ಬರ್ತದೆ ಮಾರಾಯ್ರೆ?”

“ಹತ್ತನೆಯದಾದ ಮೇಲೆ” ಎಂದ ರಘುಪತಿ.

ಬೂತಪ್ಪ ಹೆಬ್ಬೆಟ್ಟು ತೆಗೆಯಲಿಲ್ಲ. ರಘುಪತಿ ಎಲ್ಲವನ್ನೂ ಒಪ್ಪಿಕೊಂಡ. ನವಿಲಿನ ವಿಷಯವನ್ನೂ ಹೇಳಿದ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬೂತಪ್ಪ ಬೈಯಲಿಲ್ಲ. ಎರಡನೆಯ ಲೋಟ ಚಹಾ ಮುಗಿಸಿ, “ಅಚ್ಚಾಗಿ ಹೋಗಿದೆ. ಇನ್ನು ಅದು ಇರಲೇಬೇಕು” ಎಂದ. ಶಿವಶಂಕರಪ್ಪನವರ ಬಳಿಗೆ ಹೋಗಿ ನಿಜ ಹೇಳಿಬಿಡಬೇಕೆಂದು ರಘುಪತಿ ಎರಡು ದಿನ ಯೋಚಿಸಿದ. ಲಾಡ್ಜಿನ ಕಪಾಟಿನಲ್ಲಿ ಇನ್ನೂ ಎರಡು ಸಾವಿರ ಪ್ರತಿ ಇದ್ದವು, ಎರಡು ಸಾವಿರದ ಮೇಲೂ ಅವನ ಹೆಸರಿತ್ತು. ಮೂರನೆಯ ದಿನ ಹೋಗಿ, ಮುಂದಿನ ಬಾಡಿಗೆಗೆ ತಾನೂ ಜೊತೆಗೆ ಹೋಗಿ ಹನ್ನೊಂದನೆಯದನ್ನು ತೋರಿಸುತ್ತೇನೆಂದು ಹೇಳಿ ಬಂದ. ಎಲ್ಲಿ ತೋರಿಸುವುದೆಂದು ದೇವರಿಗೂ ಗೊತ್ತಿರಲಿಲ್ಲ. ಆ ಭಯದಲ್ಲಿ, ಹೊರಡುವ ದಿನ ವಾಂತಿಯ ಮಾತ್ರೆಯನ್ನು ಮನೆಯ ರೇಡಿಯೋ ಮೇಲೆಯೇ ಮರೆತ.

ಹೀಗೆ ಎರಡು ಸಾವಿರದ ಆರರ ಅಕ್ಟೋಬರಿನ ಆ ಬೆಳಿಗ್ಗೆ ಬಾಯಿ ಮುಕ್ಕಳಿಸುತ್ತ ಕೂತ ರಘುಪತಿಯ ಹಿಂದೆ, ದಾವಣಗೆರೆಯ ನಿವೃತ್ತ ಹೆಡ್ ಮಿಸ್ಟ್ರೆಸ್ ಶಂಕರಮ್ಮನವರು ಪರ್ಸಿನಿಂದ ಒಂದು ಪೆನ್ಸಿಲ್ ತೆಗೆದರು. ಕಂಡ ನೋಟಕ್ಕೆ ಗುರುತು ಹಾಕಲಿಕ್ಕಂತೆ. ಮೂವತ್ತೈದು ವರ್ಷ ಹಾಜರಿ ಹಾಕಿದ ಪೆನ್ಸಿಲ್ ಎಂದು ನೋಡಿದರೇ ತಿಳಿಯುತ್ತಿತ್ತು.

ಉದ್ಯಾನದ ಗೇಟಿಗೆ ಸ್ವಲ್ಪ ಮುಂಚೆ ರಸ್ತೆ ಬದಿಯಲ್ಲೊಂದು ಭೂತನ ಕಲ್ಲು. ಘಟ್ಟದ ಹಳೇ ಡ್ರೈವರುಗಳು ಅಲ್ಲಿ ಮೂರು ಸಲ ಹಾರನ್ ಒತ್ತಿ, ಕಲ್ಲಿನ ಮುಂದೆ ಒಂದು ಅಡಿಕೆ ಇಟ್ಟೇ ಮುಂದೆ ಹೋಗುವುದು. ಬೂತಪ್ಪ ಅಂಗಿ ಜೇಬಿನಿಂದ ಅಡಿಕೆ ತೆಗೆದು ಇಳಿದ. ರಘುಪತಿಯೂ ಇಳಿದು ತನಗೊಂದು ಕೇಳಿದ. ಕಲ್ಲಿನ ಮುಂದೆ ಕಣ್ಣು ಮುಚ್ಚಿ, ಇವತ್ತು ಸಂಜೆವರೆಗೆ ಮಂಜು ಎಳ್ಳಷ್ಟೂ ಸರಿಯದಿರಲಿ ಎಂದು ಬೇಡಿಕೊಂಡ. ಪ್ರಕೃತಿ ಸೌಂದರ್ಯದ ಬಗ್ಗೆ ಬರೆದವರಲ್ಲಿ ಹೀಗೆ ಹರಕೆ ಹೊತ್ತವನು ತಾನೊಬ್ಬನೇ ಇರಬೇಕು ಎಂದು ಅವನಿಗೇ ಅನ್ನಿಸಿತು.

ಗೇಟಿನಲ್ಲಿ ಗಾರ್ಡ್ ನಂಬರು, ಸಮಯ ಬರೆದುಕೊಂಡು, ಒಳಗೆ ಎಲ್ಲೂ ಗಾಡಿ ನಿಲ್ಲಿಸಬೇಡಿ ಎಂದು ಹೇಳಿ ಬಿಟ್ಟ. ಒಳಗೆ ಮಂಜು ಮರಗಳ ಕುತ್ತಿಗೆವರೆಗೂ ಇಳಿದಿತ್ತು. ರಘುಪತಿಗೆ ಹೊಟ್ಟೆ ತೊಳಸುವುದೂ ಸ್ವಲ್ಪ ಕಡಿಮೆಯಾಯಿತು. ಬೂತಪ್ಪ ಶುರು ಮಾಡಿದ. ಎಡಕ್ಕೆ ಒಂದನೆಯದು. ಬಲಕ್ಕೆ ಎರಡನೆಯದು. ಕಿಟಕಿಯ ಆಚೆ ಹಾಲು ಚೆಲ್ಲಿದಂತೆ ಬಿಳುಪು. ಮಲಗಿದ ಆನೆ ಎಂದಾಗ ಶಂಕರಮ್ಮ ಕನ್ನಡಕ ಒರೆಸಿಕೊಂಡು ನೋಡಿ, “ಹೌದು, ಬೆನ್ನು ಕಂಡಂಗಾತು” ಎಂದು ಗುರುತು ಹಾಕಿದರು. ಕಂಬಳಿಗೂ ಹಾಕಿದರು. ಒಂಬತ್ತಾಯಿತು. ಹತ್ತಾಯಿತು. ಇನ್ನೊಂದು ಹತ್ತು ನಿಮಿಷ ಹೀಗೇ ಹೋದರೆ ಬದುಕಿದೆ ಎಂದು ರಘುಪತಿ ಎಣಿಸುತ್ತಿದ್ದ.

ಹತ್ತನೆಯದರ ತಿರುವು ದಾಟಿದ್ದೇ, ಯಾರೋ ಪರದೆ ಎಳೆದಂತೆ ಮಂಜು ಸರಿದುಹೋಯಿತು.

ರಘುಪತಿ ನೋಡಿದ. ಹುಲ್ಲಿನ ಗುಡ್ಡಗಳು ಒಂದರ ಹಿಂದೊಂದು ಬಿಸಿಲಿಗೆ ಬಂದಿದ್ದವು. ಅವುಗಳ ಮಡಿಕೆಗಳಲ್ಲಿ ಕಪ್ಪಗೆ ಕಾಡು. ಎಲ್ಲಿಂದಲೋ ಒಂದು ನೀರಿನ ಎಳೆ ಬಿಳಿ ದಾರದ ಹಾಗೆ ಇಳಿಯುತ್ತಿತ್ತು. ಇಷ್ಟು ಹತ್ತಿರದಲ್ಲಿ ಇದು ಇಷ್ಟು ವರ್ಷ ಇತ್ತೇ ಎಂದು ಅವನ ಬಾಯಿ ತೆರೆದುಕೊಂಡಿತು. ಪುಸ್ತಿಕೆಯ ಒಂದು ಮಾತೂ ಇದಕ್ಕೆ ಅಂಟುತ್ತಿರಲಿಲ್ಲ. ಹೊಸದಾಗಿ ಒಂದು ಉಪಮೆ ಗಂಟಲವರೆಗೆ ಬಂತು. ಬೆಳಗಿನ ಅನುಭವದಿಂದ ಗಂಟಲಿಗೆ ಬಂದದ್ದರ ಬಗ್ಗೆ ಎಚ್ಚರಿಕೆ ಇದ್ದದ್ದರಿಂದ ನುಂಗಿಕೊಂಡ.

“ಹನ್ನೊಂದನೇದು ಎಲ್ಲೈತ್ರಿ?” ಎಂದರು ಶಂಕರಮ್ಮ, ಪೆನ್ಸಿಲ್ ಎತ್ತಿ ಹಿಡಿದು.

ಬೂತಪ್ಪ ರಸ್ತೆ ನೋಡುತ್ತಲೇ ಇದ್ದ. ಅವನ ಹತ್ತಿರ ಇದ್ದದ್ದು ಹದಿಮೂರೇ. ಸ್ಟೀರಿಂಗ್ ಮೇಲೆ ಅವನ ಬೆರಳುಗಳು ಒಂದು ಸಲ ಬಿಗಿಯಾಗಿ ಸಡಿಲವಾದದ್ದನ್ನು ರಘುಪತಿ ಕಂಡ. ಆ ಬೆರಳುಗಳ ಇಪ್ಪತ್ತು ವರ್ಷವನ್ನು ತಾನೊಂದು ನವಿಲಿನ ಜಾಗಕ್ಕೆ ಅಡವಿಟ್ಟೆನಲ್ಲ ಎಂದು ಅವನಿಗೆ ಅನ್ನಿಸಿತು. ಕಣ್ಣಿಗೆ ಬಿದ್ದ ಕಡೆ ಕೈ ಚಾಚಿ, “ಅಗೋ, ಆ ಎರಡು” ಎಂದ.

ಶಂಕರಮ್ಮ ನೋಡಿದರು. ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದರು. ಪೆನ್ಸಿಲ್ಲಿನ ತುದಿಯಿಂದ ಎಣಿಸಿದರು.

“ಎರಡೆಲ್ರೀ, ಅಲ್ಲಿ ಮೂರು ಅದಾವಲ್ಲ?”

ಮೂರಿದ್ದವು. ರಘುಪತಿ ತೋರಿಸಿದ ಕಡೆಯಲ್ಲಿ ನಿಜವಾಗಿಯೂ ಮೂರು ಶಿಖರ, ಎಣಿಸಿಟ್ಟಂತೆ. ನಡುವಿನದೇ ಎಲ್ಲಕ್ಕಿಂತ ಎತ್ತರ. ಅದು ಮೋಡದ ನೆರಳು ಎನ್ನೋಣವೇ ಎಂದರೆ ಆಕಾಶದಲ್ಲಿ ಮೋಡವೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಪೆನ್ಸಿಲ್ ಕಾಯುತ್ತಿತ್ತು. ಅದು ಗುರುತು ಹಾಕದೆ ಕೆಳಗಿಳಿದರೆ, ಸಂಜೆ ಲಾಡ್ಜಿನ ಪುಸ್ತಕದಲ್ಲಿ ಮೂರನೆಯ ದೂರು.

ಬೂತಪ್ಪ ತಿರುವಿಗೆ ಹಾರನ್ ಕೊಟ್ಟು, ಗೇರ್ ಇಳಿಸಿ, ತಲೆ ತಿರುಗಿಸದೆ ಹೇಳಿದ.

“ನಡುವಿಂದು ಅತ್ತೆ.”

ಶಂಕರಮ್ಮ ಮೂರು ಬೆಟ್ಟಗಳನ್ನೂ ಹೊಸದಾಗಿ ನೋಡಿದರು. ನಡುವಿನದರ ಎತ್ತರ ನೋಡಿದರು, ಎರಡೂ ಕಡೆಯವು ಆಚೆ ಈಚೆ ವಾಲಿಕೊಂಡಿದ್ದನ್ನು ನೋಡಿದರು. ಆಮೇಲೆ ಪಕ್ಕದ ಗಂಡನನ್ನು ನೋಡಿದರು. “ಅದಕ್ಕೇ ಮಾತು ಬಿಟ್ಟಾರ” ಎಂದು ಅವರು ನಗತೊಡಗಿದ್ದು, ಕುಲುಕಿ ಕುಲುಕಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವವರೆಗೆ ಹೋಯಿತು. ಸೋಮನಾಥ್ ಈ ಸಲ ಎರಡೂ ಕಣ್ಣು ಬಿಟ್ಟರು. ಯಾರ ಅತ್ತೆ, ಗಂಡನದ್ದೋ ಹೆಂಡತಿಯದ್ದೋ ಎಂದು ಕೇಳಿದರು. ಅದು ನೋಡುವವರು ಕೂತ ಸೀಟಿನ ಮೇಲೆ ಹೋಗ್ತದೆ ಎಂದ ಬೂತಪ್ಪ. ದಂಪತಿಗಳಿಬ್ಬರೂ ಮುಂದಿನ ಮೂರು ನೋಟಗಳನ್ನು ನೋಡಲಿಲ್ಲ, ಇಬ್ಬರ ಅತ್ತೆಯಂದಿರ ವಿಷಯ ಮಾತಾಡುವುದರಲ್ಲಿ ಮುಳುಗಿದ್ದರು. ಶಂಕರಮ್ಮ ಮಾತಿನ ನಡುವೆಯೇ ಮೂರಕ್ಕೂ ಗುರುತು ಹಾಕಿಬಿಟ್ಟರು.

ಬರುವಾಗ ಹಿಂದಿನವರು ನಿದ್ದೆ ಹೋದ ಮೇಲೆ ರಘುಪತಿಗೆ ಪಕ್ಕದಿಂದ ಪಿಸುಮಾತು ಕೇಳಿಸಿತು. ಬೂತಪ್ಪ ತನ್ನಷ್ಟಕ್ಕೆ ಗುನುಗುತ್ತಿದ್ದ: ಎಡಕ್ಕೆ ಹನ್ನೊಂದನೆಯದು, ನಡುವೆ ಅತ್ತೆ, ಅದಕ್ಕೇ ಮಾತು ಬಿಟ್ಟಿದ್ದಾರೆ. ಬಾಯಿಪಾಠ ನಡೆದಿತ್ತು. ಕೊನೆಯ ಮಾತು ಶಂಕರಮ್ಮನವರದು ಎಂಬುದು ರಘುಪತಿಗೆ ಹೊಳೆಯಿತು. ಅನುಮಾನದಿಂದ ಮಲಗಿದ ಆನೆಯ ಬಗ್ಗೆ ವಿಚಾರಿಸಿದ. ಅದು ಎಂಬತ್ತೊಂಬತ್ತರಲ್ಲಿ ತುಮಕೂರಿನ ಮೇಷ್ಟ್ರೊಬ್ಬರ ಹೆಂಡತಿ ಹಿಂದಿನ ಸೀಟಿನಲ್ಲಿ ಅಂದದ್ದು. ಹಸಿರು ಕಂಬಳಿ ಒಬ್ಬ ಬಟ್ಟೆ ಅಂಗಡಿಯವರದು. ಕುದುರೆಯ ಕಿವಿ ನಿಮಿರಿದ್ದು ಯಾವುದೋ ಮಗು ಹೇಳಿದ್ದು, ಆ ಮಗುವಿನ ಮದುವೆಯೂ ಆಗಿರಬೇಕು ಎಂದ ಬೂತಪ್ಪ. ಹಿಂದಿನ ಸೀಟಿನವರು ಅಂದದ್ದನ್ನು ಇವನು ಮುಂದಿನ ಬಾಡಿಗೆಯವರಿಗೆ ಹೇಳುತ್ತ ಬಂದಿದ್ದ. ಅದನ್ನೇ ರಘುಪತಿ ಅಚ್ಚು ಮಾಡಿ ಹಿಂದಿನ ಸೀಟಿಗೇ ವಾಪಸು ಕಳಿಸಿದ್ದ. ಹದಿನಾಲ್ಕು ನೋಟಗಳಲ್ಲಿ ತನ್ನ ಸ್ವಂತದ್ದೆಂದು ಇದ್ದದ್ದು ಒಂದೇ ಬೆಟ್ಟ, ಅದು ಇರಲಿಲ್ಲ. ಹದಿಮೂರು ‘ಅಂತಾರೆ’ಗಳು ನೆನಪಾಗಿ, ಅವನು ಕಿಟಕಿಯ ಕಡೆ ತಿರುಗಿ ಕೂತ. ಬೂತಪ್ಪ ಮುನ್ನೆಚ್ಚರಿಕೆಯಿಂದ ಬಾಟಲಿ ಚಾಚಿದ.

ಸಂಜೆ ಲಾಡ್ಜಿನಲ್ಲಿ ಶಂಕರಮ್ಮ ಅಭಿಪ್ರಾಯ ಪುಸ್ತಕವನ್ನು ತಾವೇ ಕೇಳಿ ತರಿಸಿಕೊಂಡರು. ದುಂಡಗಿನ ಅಕ್ಷರದಲ್ಲಿ ಬರೆದರು: ಹದಿನಾಲ್ಕೂ ನೋಟಗಳನ್ನು ಕಂಡೆವು. ಹನ್ನೊಂದನೆಯದು ಅತ್ಯುತ್ತಮ. ಡ್ರೈವರ್ ಒಳ್ಳೆಯ ತಿಳಿವಳಿಕೆಯುಳ್ಳವರು. ಬರೆದವರ ಆರೋಗ್ಯ ಬೇಗ ಸುಧಾರಿಸಲಿ.

ಶಿವಶಂಕರಪ್ಪನವರು ಅದನ್ನು ಎರಡು ಸಲ ಓದಿದರು. ದೀಪಾವಳಿ ರಜೆಗೆ ಬರುವ ಎರಡು ಪಾರ್ಟಿಗಳೂ ಬೂತಪ್ಪನಿಗೇ ಎಂದು ಅಲ್ಲೇ ಹೇಳಿದರು. ರಘುಪತಿಗೆ ಬೆಳಿಗ್ಗೆಯಿಂದ ಮೊದಲ ಸಲ ಹಸಿವಾಯಿತು. ಆದರೆ ಬಾಳೆಹೊನ್ನೂರಿನಿಂದ ಬಂದು ಮೂವತ್ತು ವರ್ಷ ಅಂಗಡಿ, ಲಾಡ್ಜು ನಡೆಸಿದ ಮನುಷ್ಯ ಅಷ್ಟಕ್ಕೇ ಬಿಡುವವರಲ್ಲ. ಸಾಮಾನು ತರಲು ಅದೇ ದಾರಿಯಲ್ಲಿ ಮಂಗಳೂರಿಗೆ ಎಷ್ಟೋ ಸಲ ಹೋಗಿ ಬಂದವರು. ಪುಸ್ತಕ ಮುಚ್ಚಿ ಅಂಗಳಕ್ಕೆ ಇಳಿದು ಬಂದರು. ಬೂತಪ್ಪ ಒದ್ದೆ ಬಟ್ಟೆಯಿಂದ ಕಾರಿನ ಎಡಬಾಗಿಲ ಹೊರಮೈಯನ್ನು ಒರೆಸುತ್ತಿದ್ದ. ಅಲ್ಲಿ ಇಡ್ಲಿಯ ಗುರುತು ಇನ್ನೂ ಇತ್ತು. ರಘುಪತಿ ಆ ಕಡೆ ನೋಡದೆ ಪಕ್ಕದಲ್ಲಿ ನಿಂತಿದ್ದ.

“ಬೂತಪ್ಪ, ನನ್ನ ಹತ್ರ ನಿಜ ಹೇಳು. ಆ ಗಂಡ ಹೆಂಡಿರ ಬೆಟ್ಟ ನೀನು ಕಣ್ಣಾರೆ ಕಂಡ್ಯಾ?”

ಬೂತಪ್ಪ ಬಟ್ಟೆ ಹಿಂಡಿದ. ಬಾಗಿಲಿನ ಅಂಚನ್ನು ಇನ್ನೊಂದು ಸಲ ಒರೆಸಿದ.

“ನಾನು ರಸ್ತೆ ನೋಡ್ತಿದ್ದೆ ಸ್ವಾಮಿ. ದಾರಿಯಲ್ಲಿ ತಲೆ ಹೊರಗೆ ಹಾಕಿದ್ದು ಇವರೊಬ್ಬರೇ, ಇವರನ್ನೇ ಕೇಳಿ.”